ಬೆನ್ನ ಹಿಂದಿನ ಹೆಸರು

ಮಾರ್ಚ್ 11, ಮಧ್ಯಾಹ್ನ

ಎದ್ದಾಗಿನಿಂದ ಮೊಟ್ಟೆ. ಮೊಟ್ಟೆಯ ಗಾತ್ರ, ಮೊಟ್ಟೆಯ ಮೇಲಿನ ಮುದ್ರೆ, ಮೊಟ್ಟೆ ಸಾಗಿಸುವ ಪೆಟ್ಟಿಗೆ. ಬ್ರಸೆಲ್ಸ್‌ನ ಯುರೋಪ್ ಒಕ್ಕೂಟದ ನಿಯಮಗಳನ್ನು ಇಂಗ್ಲಿಷಿನಿಂದ ಮಾಲ್ಟೀಸ್‌ಗೆ ಹಾಕುತ್ತಾ ಕೂತಿದ್ದೇನೆ. ನಾನು ಹಾಕಿದ್ದನ್ನು ಈ ದ್ವೀಪದಲ್ಲಿ ಒಬ್ಬರೂ ಓದುವುದಿಲ್ಲ. ಎಲ್ಲರೂ ಇಂಗ್ಲಿಷ್ ಪ್ರತಿಯನ್ನೇ ಕೇಳುತ್ತಾರೆ. ಆದರೂ ಒಂದು ಪದಕ್ಕಾಗಿ ಅರ್ಧ ಗಂಟೆ ಒದ್ದಾಡುತ್ತೇನೆ. ಯಾರಿಗಾಗಿ?

ಹನ್ನೊಂದಕ್ಕೆ ವಿಟೋರಿನ್ ಮಾಮ ಬಂದರು. ದೋಣಿ ಸ್ಪರ್ಧೆಯ ದಿನ ನಮ್ಮ ಲಾಝ್ರು ದಂಡೆಯ ಮೈಕ್ ಹಿಡಿಯುವುದು ಅವರೇ, ನನ್ನ ಗಂಡ ಲೋನ್ಸು ಚಡ್ಡಿ ಹಾಕುತ್ತಿದ್ದ ಕಾಲದಿಂದ. ಅವರ ಪಕ್ಕ ಕೂತು ಪ್ರವಾಸಿಗಳಿಗೆ ಇಂಗ್ಲಿಷ್ ಮತ್ತು ಇಟಾಲಿಯನ್‌ನಲ್ಲಿ ನಾಲ್ಕು ಮಾತು ಹೇಳುವುದು ನಾನು.

"ಕ್ಲೋಡೀನ್, ನಿಂಗೆ ಕಿರುಚಕ್ಕೆ ಬರುತ್ತಾ?"

"ಯಾರ ಮೇಲೆ, ಮಾಮ?"

"ಯಾರ ಮೇಲೂ ಅಲ್ಲ. ಮೈಕಲ್ಲಿ. ನನ್ನ ಕಣ್ಣು ಹೋಯ್ತು ಕಣಮ್ಮಾ. ಪೊರೆ. ಹೋದ ಸಲ ನಂಗೆ ಕಂಡಿದ್ದು ಎರಡೇ. ಒಂದು ನೀಲಿ, ಅದರ ಪಕ್ಕ ಇನ್ನೊಂದು ನೀಲಿ."

"ಮತ್ತೆ ಅಷ್ಟು ಚೆನ್ನಾಗಿ ಹೇಳಿದ್ರಲ್ಲ!"

"ಜನ ಕೂಗೋದು ಕೇಳಿಸುತ್ತಲ್ಲ. ಆ ಕಡೆ ತೋರಿ ದಂಡೆಯವರು ಕೂಗಿದ್ರೆ ತೋರಿ ಮುಂದೆ. ಉಳಿದಿದ್ದೆಲ್ಲ ಹೊಟ್ಟೆಯಿಂದ."

ಈ ತಿಂಗಳ ಕೊನೆಯ ಸ್ಪರ್ಧೆಗೆ ಮಾಲ್ಟೀಸ್ ಮೈಕ್ ನನಗೆ! ಕುರ್ಚಿಯಿಂದ ಎದ್ದೇಬಿಟ್ಟೆ. ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಕಿರುಚಿ ನೋಡಿದೆ. ಪರವಾಗಿಲ್ಲ ಅನಿಸಿತು. ಮೊಟ್ಟೆ ಅರ್ಧಕ್ಕೇ ನಿಂತಿದೆ.

ಮಾರ್ಚ್ 13

ಲೋನ್ಸುಗೆ ಹೇಳಿದೆ. ನಕ್ಕ. ಗಂಡನ ನಗೆಯಲ್ಲಿ ಹಲವು ಬಗೆ. ಇದು ಯಾವುದು, ತಿಳಿಯಲಿಲ್ಲ.

ಅತ್ತೆ ಚೆನ್ಸಾ ಬಟಾಣಿ ಬಿಡಿಸುತ್ತಿದ್ದವರು ತಲೆಯೆತ್ತಲಿಲ್ಲ. "ಒಳ್ಳೇದಾಯ್ತು ಬಿಡು. ಪೂಜೆ ಥರ ಓದ್ತೀಯ. ನಾವೆಲ್ಲ ಮಂಡಿಯೂರಿ ಕೇಳ್ತೀವಿ."

"ಅಮ್ಮಾ, ನಂಗೆ ಮಾಲ್ಟೀಸ್ ಬರಲ್ವಾ?"

"ಬರುತ್ತೆ ತಾಯಿ, ಬರುತ್ತೆ. ಇಸ್ತ್ರಿ ಮಾಡಿಕೊಂಡು ಬರುತ್ತೆ."

ಹಣವಂತರ ಊರು ಸ್ಲೀಮಾದಲ್ಲಿ ಹುಟ್ಟಿದವಳು ನಾನು. ಮಮ್ಮಿಯ ಜೊತೆ ಇಂಗ್ಲಿಷ್, ಕನ್ಯಾಸ್ತ್ರೀಯರ ಶಾಲೆಯಲ್ಲಿ ಇಂಗ್ಲಿಷ್, ಟಿವಿಯ ಕಾರ್ಟೂನಿನಿಂದ ಇಟಾಲಿಯನ್. ಮಾಲ್ಟೀಸ್ ಮಾತಾಡಿದ್ದು ಕೆಲಸದಾಕೆಯ ಜೊತೆ, ತರಕಾರಿ ಗಾಡಿಯವನ ಜೊತೆ. ಆಮೇಲೆ ಅದನ್ನೇ ಓದಿ ಪದವಿ ತೆಗೆದುಕೊಂಡೆ. ನನ್ನ ಪರಿಚಯಪತ್ರದಲ್ಲಿ ಮೂರು ಭಾಷೆ, ಮೂರರ ಮುಂದೆಯೂ 'ಪರಿಣತಿ'. ಮಾತೃಭಾಷೆ ಎಂಬಲ್ಲಿ ಎರಡನ್ನು ಬರೆದಿದ್ದೇನೆ. ಯಾರೂ ಪ್ರಶ್ನಿಸಿಲ್ಲ. ಪ್ರಶ್ನಿಸಿದರೆ?

ಮಾರ್ಚ್ 20

ವಿಟೋರಿನ್ ಮಾಮನ ಪಾಠ, ದೋಣಿಮನೆಯ ಕಲ್ಲುಕಟ್ಟೆಯ ಮೇಲೆ. ಪಾಠವೆಲ್ಲ ಅಡ್ಡಹೆಸರಿನದ್ದೇ. ಈ ದಂಡೆಯಲ್ಲಿ ಮನೆತನದ ಹೆಸರುಗಳು ನಾಲ್ಕೈದು, ಜನ ಸಾವಿರಾರು. ಹಾಗಾಗಿ ಪ್ರತಿ ಮನೆಗೂ ಒಂದು ಅಡ್ಡಹೆಸರು. ಸತ್ತವರ ಸೂಚನೆಯಲ್ಲೂ ಅದನ್ನು ಅಚ್ಚು ಹಾಕುತ್ತಾರೆ, ಇಲ್ಲದಿದ್ದರೆ ಸತ್ತದ್ದು ಯಾರೆಂದು ಯಾರಿಗೂ ತಿಳಿಯದು. ನಮ್ಮ ನಾಲ್ಕು ಹುಟ್ಟಿನ ದೋಣಿಯಲ್ಲಿ ಮೂವರು ಮಿಫ್ಸುದ್‌ಗಳು. ನೆಂಟರಲ್ಲ. ಒಬ್ಬ 'ಬೆಣಚುಕಲ್ಲು' ಮನೆಯವನು, ಒಬ್ಬ 'ಸೈಕಲ್', ಇನ್ನೊಬ್ಬ ಡ್ವೇನ್, ಬೇಕರಿಯ ದೋರಿಸ್‌ಳ ಮಗ, 'ಒಲೆ' ಮನೆಯವನು.

ಆದರೆ ಹುಟ್ಟು ಒರೆಸುತ್ತಿದ್ದ ಒಬ್ಬ ಪಿಸುಗುಟ್ಟಿದ. "ಒಲೆ ಅಲ್ಲಕ್ಕಾ. ನೆನೆದ ರೊಟ್ಟಿ."

ವಿಟೋರಿನ್ ಮಾಮ ಅವನಿಗೆ ಟೋಪಿಯಲ್ಲಿ ಬಾರಿಸಿದರು. "ಅದು ಬೆನ್ನ ಹಿಂದಿನ ಹೆಸರು. ಮುಖದ ಮುಂದೆ ಹೇಳೋ ಹಾಗಿಲ್ಲ."

ಯುದ್ಧದ ಕಾಲದ ಕತೆ. ದೋರಿಸ್‌ಳ ಅಜ್ಜ ರೇಷನ್ ಬ್ರೆಡ್ಡಿನ ಮೂಟೆಗಳನ್ನು ದೋಣಿಯಲ್ಲಿ ತರುತ್ತಿದ್ದನಂತೆ. ಒಂದು ಮೂಟೆ ಸಮುದ್ರಕ್ಕೆ ಬಿದ್ದು ನೆನೆದುಹೋಯಿತು ಎಂದನಂತೆ. ಆ ವಾರ ಅವನ ಮನೆಯ ಮಕ್ಕಳು ಮಾತ್ರ ದುಂಡಗಾದರಂತೆ.

"ಯಾವುದನ್ನ ಮುಂದೆ ಹೇಳಬಹುದು, ಯಾವುದು ಹಿಂದೆ, ಹೇಗೆ ಗೊತ್ತಾಗುತ್ತೆ ಮಾಮ?"

"ಗೊತ್ತಿದ್ದೋರಿಗೆ ಗೊತ್ತಾಗುತ್ತೆ."

ಇದು ಉತ್ತರವೇ?

ಮಾರ್ಚ್ 29

ನಿದ್ದೆಯಲ್ಲೂ ಅಡ್ಡಹೆಸರು. ಬೆಣಚುಕಲ್ಲಿಗೂ ಹಿಂದಿನದೊಂದು ಇದೆಯಂತೆ. ಸೈಕಲ್ ಎಂದರೆ ಸೈಕಲ್‌ನವರಿಗೆ ಸಿಟ್ಟು ಬರುತ್ತದೆ ಎಂದು ಒಬ್ಬ, ಹೆಮ್ಮೆ ಎಂದು ಇನ್ನೊಬ್ಬ. ಯಾವುದಾದರೊಂದನ್ನು ತಪ್ಪಿ ಹೇಳಿದರೆ ಗತಿ? ಹೊರಗಿನಿಂದ ಬಂದವಳು. ನನಗೆ ಯಾವ ಹಕ್ಕು?

ತೀರ್ಮಾನಿಸಿದೆ. ಅಡ್ಡಹೆಸರೇ ಬೇಡ. ಮನೆತನದ ಹೆಸರು ಸಾಕು. ಶುದ್ಧವಾಗಿ, ಗೌರವವಾಗಿ, ಯಾರಿಗೂ ನೋವಾಗದಂತೆ. ಮನಸ್ಸು ಹಗುರವಾಯಿತು.

ಮಾರ್ಚ್ 31, ಸಂಜೆ

ಆಯಿತು! ಒಂದು ಪದವೂ ತೊದಲಲಿಲ್ಲ. ಬಂದರಿನ ಎರಡೂ ದಂಡೆ ತುಂಬಿದ್ದವು, ಕೋಟೆಗೋಡೆಯ ಮೇಲೆಲ್ಲ ಜನ, ಗಾಳಿಗೆ ಬಾವುಟಗಳು ಪಟಪಟ. ನನ್ನದೇ ಧ್ವನಿ ಧ್ವನಿವರ್ಧಕದಿಂದ ಹೋಗಿ ಎದುರು ದಂಡೆಗೆ ಬಡಿದು ವಾಪಸು ಬರುತ್ತಿತ್ತು.

ನಾಲ್ಕು ಹುಟ್ಟಿನ ಸ್ಪರ್ಧೆಯಲ್ಲಿ ಮಾತ್ರ ಒಂದು ಗಾಬರಿ. ನಮ್ಮ ದೋಣಿಯಲ್ಲಿ ಒಂದು ಹುಟ್ಟು ಮುರಿದು ಒಬ್ಬ ನೀರಿಗೆ ಬಿದ್ದ. ಸೈಕಲ್ ಮನೆಯವನು. 'ಮಿಫ್ಸುದ್ ನೀರಿಗೆ ಬಿದ್ದಿದ್ದಾರೆ, ಮಿಫ್ಸುದ್ ಇನ್ನೂ ಮೇಲೆ ಬಂದಿಲ್ಲ, ರಕ್ಷಣಾ ದೋಣಿ ಸಮೀಪಿಸುತ್ತಿದೆ' ಎಂದೆ. ಒಂದಿಷ್ಟೂ ನಡುಗದೆ. ಸ್ವಲ್ಪ ಹೊತ್ತಿಗೆ ಅವನನ್ನು ಎತ್ತಿಕೊಂಡರು. ಗಾಯವಿಲ್ಲ.

ಇಳಿದು ಬಂದಾಗ ಯಾರೂ ಏನೂ ಹೇಳಲಿಲ್ಲ. ಸೋತ ಬೇಸರ ಇರಬೇಕು.

ಏಪ್ರಿಲ್ 1

ದೋರಿಸ್‌ಳ ಬೇಕರಿಗೆ ಪಸ್ತಿಟ್ಸಿ, ಹೂರಣ ತುಂಬಿದ ಪದರುಪದರಿನ ತಿಂಡಿ, ತರಲು ಹೋದೆ. ಭಾನುವಾರ ಬಿಟ್ಟು ದಿನವೂ ಹೋಗುವವಳು. ರಿಕೋಟಾ ಗಿಣ್ಣಿನದು ಎರಡು, ಬಟಾಣಿಯದು ಎರಡು. ತಟ್ಟೆ ತುಂಬ ಇದ್ದವು, ಬಿಸಿಬಿಸಿ.

ದೋರಿಸ್ ನನ್ನ ಮುಖ ನೋಡಿದಳು. ಆಮೇಲೆ ಇಂಗ್ಲಿಷಿನಲ್ಲಿ, "ಯೆಸ್ ಪ್ಲೀಸ್, ಮೇಡಂ? ಹೌ ಮೆನಿ?"

ನಾನು ಮಾಲ್ಟೀಸ್‌ನಲ್ಲಿ ಹೇಳಿದೆ. ಅವಳು ಮತ್ತೆ, "ಸಾರಿ ಮೇಡಂ. ಫಿನಿಶ್ಡ್."

ಹಿಂದೆ ನಿಂತಿದ್ದವರಿಗೆ ಅದೇ ತಟ್ಟೆಯಿಂದ ಕಟ್ಟಿಕೊಟ್ಟಳು.

ಇಲ್ಲಿ ಕೆಟ್ಟದಾಗಿ ಬೈದರೆ ಅದು ಜಗಳ, ಸಂಜೆಯೊಳಗೆ ಮುಗಿಯುತ್ತದೆ. ಇಂಗ್ಲಿಷಿನಲ್ಲಿ ಮಾತಾಡಿಸಿದರೆ ಬಾಗಿಲು ಹಾಕಿದ ಹಾಗೆ. ನೀನು ದೋಣಿ ಇಳಿದು ಬಂದ ಪ್ರವಾಸಿ, ಫೋಟೊ ತೆಗೆದುಕೋ, ಹೋಗು. ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ.

ಬರಿಗೈಯಲ್ಲಿ ಮನೆಗೆ ನಡೆದೆ.

ಏಪ್ರಿಲ್ 2

ಅತ್ತೆ ಬಿಡಿಸಿ ಹೇಳಿದರು. ಮಗ ದೋಣಿಯಲ್ಲಿದ್ದಾಗ ದೋರಿಸ್ ನೀರಿನ ಕಡೆ ನೋಡುವುದಿಲ್ಲ. ಅವಳ ಹಟ ಅದು. ಇಗರ್ಜಿಯ ಗೋಡೆಗೆ ಮುಖ ಮಾಡಿ ನಿಲ್ಲುತ್ತಾಳೆ. ಬೆನ್ನು ಸಮುದ್ರಕ್ಕೆ, ಕಿವಿ ಧ್ವನಿವರ್ಧಕಕ್ಕೆ.

"ನೀನೇನಂದೆ? ಮಿಫ್ಸುದ್ ಬಿದ್ರು, ಮಿಫ್ಸುದ್ ಮೇಲೆ ಬಂದಿಲ್ಲ. ಯಾವ ಮಿಫ್ಸುದ್? ದೋಣೀಲಿ ಮೂರು ಜನ ಅವ್ರೆ. ಮೂರು ತಾಯಂದಿರ ಜೀವ ಒಟ್ಟಿಗೆ ತೆಗೆದೆ. ದೋರಿಸ್ ಗೋಡೆ ಹಿಡ್ಕೊಂಡು ಕುಸಿದುಬಿದ್ಲು. ನಾನೇ ನೀರು ಕುಡಿಸ್ದೆ."

"ನಂಗೆ ಗೊತ್ತಿರ್ಲಿಲ್ಲ ಅಮ್ಮಾ. ತಪ್ಪು ಹೆಸರು ಹೇಳಿ ಯಾರಿಗಾದ್ರೂ ಬೇಜಾರಾದ್ರೆ ಅಂತ…"

"ತೆರಿಗೆ ಆಫೀಸಿನೋರು ಕರೆಯೋ ಹಾಗೆ ಕರೆದೆ ಕಣೇ ನಮ್ಮ ಹುಡುಗರನ್ನ."

ಯಾರಿಗೂ ನೋವಾಗಬಾರದೆಂದು ಆರಿಸಿದ ದಾರಿ. ಎಲ್ಲರಿಗೂ ಒಟ್ಟಿಗೆ ನೋವು ಮಾಡಲು ಇದಕ್ಕಿಂತ ಚೆನ್ನಾದ ದಾರಿ ಇತ್ತೇ?

ಏಪ್ರಿಲ್ 5

ಕ್ಷಮೆ ಕೇಳಲು ಹೋದೆ. ಏನು ಹೇಳಬೇಕೆಂದು ಮನಸ್ಸಿನಲ್ಲೇ ತಿದ್ದಿ ತಿದ್ದಿ ಸಿದ್ಧಮಾಡಿಕೊಂಡಿದ್ದೆ. ಅತ್ಯಂತ ಒಳ್ಳೆಯ ಮಾಲ್ಟೀಸ್. 'ನನ್ನ ಅಜಾಗರೂಕತೆಯಿಂದ ತಮಗೆ ಉಂಟಾದ ಆತಂಕಕ್ಕೆ' ಎಂದು ಶುರುವಾಗುವಂಥದ್ದು.

ದೋರಿಸ್ ಕೊನೆಯವರೆಗೂ ಕೇಳಿದಳು. ಕೈಯಲ್ಲಿನ ಹಿಟ್ಟು ಕೊಡವಿದಳು.

"ವೆರಿ ನೈಸ್, ಮೇಡಂ. ಥ್ಯಾಂಕ್ ಯೂ. ಹ್ಯಾವ್ ಎ ನೈಸ್ ಡೇ."

ಮೇ 17

ಬರೆಯದೆ ಬಹಳ ದಿನವಾಯಿತು. ಮೊಟ್ಟೆ ಮುಗಿದು ಈಗ ಪ್ಲಾಸ್ಟಿಕ್ ಮುಚ್ಚಳ. ಪಸ್ತಿಟ್ಸಿಗೆ ಮೇಲಿನ ಬೀದಿಯ ಅಂಗಡಿಗೆ ಹೋಗುತ್ತೇನೆ. ಎಣ್ಣೆ ವಾಸನೆ.

ಆದರೆ ಒಂದು ಕೆಲಸ ಶುರು ಮಾಡಿದ್ದೇನೆ. ಸಂಜೆ ದೋಣಿಮನೆಗೆ ಹೋಗಿ ಸುಮ್ಮನೆ ಕೂರುವುದು. ಹುಡುಗರು ದೋಣಿಗೆ ಬಣ್ಣ ಹಚ್ಚುತ್ತಾರೆ, ತಳಕ್ಕೆ ಸೋಪು ಉಜ್ಜುತ್ತಾರೆ, ಗಾಜಿನ ಲೋಟದಲ್ಲಿ ಚಹಾ ಕುಡಿಯುತ್ತಾ ಒಬ್ಬರನ್ನೊಬ್ಬರು ಬೈಯುತ್ತಾರೆ. ಎಂಥ ಬೈಗುಳ! ಒಂದೂ ನಿಘಂಟಿನಲ್ಲಿಲ್ಲ. ಬೈಗುಳದೊಳಗೇ ಪ್ರೀತಿ, ಚರಿತ್ರೆ, ಯಾರ ಅಜ್ಜ ಯಾರ ದೋಣಿ ಮುಳುಗಿಸಿದ ಎಂಬ ಲೆಕ್ಕ. ನಾನು ಬಂದ ಕೂಡಲೇ ದನಿ ತಗ್ಗಿಸಿ ಸಭ್ಯರಾಗುತ್ತಿದ್ದರು. ಈ ವಾರ ಮರೆತರು.

ಜೂನ್ 9

ವಿಟೋರಿನ್ ಮಾಮನಿಗೆ ಒಂದು ಕಣ್ಣಿನ ಆಪರೇಷನ್ ಆಯಿತು. ನನ್ನನ್ನು ನೋಡಿ, "ಓ, ನೀನು ಇಷ್ಟು ವಯಸ್ಸಾದೋಳಾ?" ಎಂದರು.

ನಾನೂ ಬಿಡಲಿಲ್ಲ. "ಇನ್ನೊಂದು ಕಣ್ಣಿನ ಆಪರೇಷನ್ ಆಗೋವರೆಗೂ ಕನ್ನಡಿ ನೋಡ್ಬೇಡಿ ಮಾಮ."

ಹುಡುಗರು ಹೋ ಎಂದರು. ಡ್ವೇನ್ ಕೂಡ ನಕ್ಕ. ಅವನಿಗೆ ನನ್ನ ಮೇಲೆ ಸಿಟ್ಟಿಲ್ಲವಂತೆ. "ಅಮ್ಮನದು ಬೇರೆ," ಎಂದ. "ಅಮ್ಮ ಇನ್ನೂ ಮೇಡಂ ಅಂತಾಳಾ?"

"ಹೂಂ."

"ಹಾಗಾದ್ರೆ ಸಿಟ್ಟು ಇನ್ನೂ ಇದೆ ಅಕ್ಕಾ. ನಿಮಗೆ ಇಲ್ಲಿ ಯಾರೂ ಬೈದಿಲ್ಲ ಅಲ್ವಾ? ಅದೇ ತೊಂದರೆ."

ಈ ಮಾತನ್ನು ಮನೆಗೆ ಹೊತ್ತು ತಂದೆ. ಹನ್ನೊಂದು ವರ್ಷದಲ್ಲಿ ಈ ದಂಡೆಯಲ್ಲಿ ನನಗೆ ಯಾರೂ ಬೈದಿಲ್ಲ. ಅದನ್ನು ನಾನು ಗೌರವ ಎಂದುಕೊಂಡಿದ್ದೆ.

ಜುಲೈ 22

ಬಿಸಿಲು ಎಂದರೆ ಬಿಸಿಲು. ಕಲ್ಲುಕಟ್ಟೆಯ ಮೇಲೆ ಕೂರಲಾಗುವುದಿಲ್ಲ, ಆದರೂ ಹೋಗುತ್ತೇನೆ. ಅಭ್ಯಾಸದ ಓಟಗಳನ್ನು ಮೈಕಿಲ್ಲದೆ ಹೇಳಿ ನೋಡುತ್ತೇನೆ, ಕೋಟೆಗೋಡೆಯ ಮೇಲೆ ಒಬ್ಬಳೇ ನಿಂತು. ಇವತ್ತು ಬೆಣಚುಕಲ್ಲು, ಸೈಕಲ್, ಒಲೆ ಎಂದು ಕೂಗುತ್ತಾ ಹೋದಾಗ ವಾಕ್ಯಗಳು ತಾವಾಗಿಯೇ ಚಿಕ್ಕವಾದವು. ಕ್ರಿಯಾಪದ ಬೇಕೇ ಆಗಲಿಲ್ಲ. ಏನು ಹೇಳುತ್ತಿದ್ದೇನೆ ಎಂದು ಯೋಚಿಸುವ ಮೊದಲೇ ಹೇಳಿಯಾಗಿತ್ತು! ಇಂಗ್ಲಿಷಿನಲ್ಲೂ ನನಗೆ ಹೀಗೆ ಎಂದೂ ಆಗಿಲ್ಲ. ಅಲ್ಲಿ ಯಾವಾಗಲೂ ಒಬ್ಬಳು ಕನ್ಯಾಸ್ತ್ರೀ ಪಕ್ಕದಲ್ಲಿ ನಿಂತಿರುತ್ತಾಳೆ.

ಕೆಳಗೆ ಮೀನು ಹಿಡಿಯುತ್ತಿದ್ದ ಮುದುಕ ತಲೆಯೆತ್ತಿ, "ಮೀನೆಲ್ಲ ಓಡಿಹೋದ್ವು, ನಿಲ್ಸೇ!" ಎಂದ. ಏಕವಚನ! ಸಂತೋಷಕ್ಕೆ ಕೈ ಬೀಸಿದೆ.

ಆಗಸ್ಟ್ 19

ಕ್ಲಬ್ಬಿನ ಸಭೆ. ಸೆಪ್ಟೆಂಬರ್ ಎಂಟರ ಸ್ಪರ್ಧೆಗೆ ಮೈಕ್ ಯಾರಿಗೆ? ಅಧ್ಯಕ್ಷರು ನನ್ನ ಕಡೆ ನೋಡಿದರು. ದೋರಿಸ್ ಎದ್ದು ನಿಂತಳು. ನನ್ನ ಕಡೆ ನೋಡಲೇ ಇಲ್ಲ.

"ಮೇಡಂ ಇಂಗ್ಲಿಷ್ ಚೆನ್ನಾಗಿ ಮಾತಾಡ್ತಾರೆ. ಪ್ರವಾಸಿಗಳಿಗೆ ಹೇಳ್ಲಿ. ನಮ್ಮ ಮಕ್ಕಳ ಸುದ್ದಿ ನಮ್ಮೋರ ಬಾಯಿಂದ ಕೇಳ್ತೀವಿ. ವಿಟೋರಿನ್‌ಗೆ ಈಗ ಒಂದು ಕಣ್ಣು ಕಾಣುತ್ತಲ್ಲ, ಸಾಕು."

ಎಲ್ಲರೂ ಅವಳ ಮಾತಿಗೆ ಕೈ ಎತ್ತಿದರು. ನನಗೆ ಇಂಗ್ಲಿಷ್ ಮತ್ತು ಇಟಾಲಿಯನ್.

ಮನೆ ಬಾಗಿಲಲ್ಲಿ ಲೋನ್ಸು, "ನೀನು ಎದ್ದು ಜಗಳ ಆಡ್ಬೇಕಿತ್ತು," ಎಂದ.

"ಅವಳು ಹೇಳಿದ್ದು ಸರಿ ಅಲ್ವಾ?"

"ಸರಿಯೋ ತಪ್ಪೋ, ಜಗಳ ಆಡ್ಬೇಕಿತ್ತು ಕಣೇ."

ನ್ಯಾಯವಾಗಿ ಯೋಚಿಸುವುದು ನನ್ನ ದೊಡ್ಡ ಗುಣವೆಂದು ಎಲ್ಲರೂ ಹೇಳುತ್ತಿದ್ದರು. ಅದರ ಹಿಂದೆ ಬಚ್ಚಿಟ್ಟುಕೊಂಡಿದ್ದೇನೆಯೇ?

ಸೆಪ್ಟೆಂಬರ್ 7

ನಾಳೆ. ಇಂಗ್ಲಿಷ್ ಮಾತುಗಳು ಸಿದ್ಧ. ವೆಲ್ಕಮ್ ಟು ಅವರ್ ಹಿಸ್ಟಾರಿಕ್ ಹಾರ್ಬರ್. ಬಾಯಿಪಾಠ ಬರುತ್ತದೆ. ಹೇಳುವವಳು ನಾನಲ್ಲ, ಆದರೂ ಡ್ವೇನ್‌ನ ದೋಣಿ ಗೆಲ್ಲಬೇಕು ಎಂದು ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ಸೆಪ್ಟೆಂಬರ್ 8, ಸಂಜೆ

ಅಕ್ಷರಗಳು ಓಡುತ್ತಿವೆ. ಮೊದಲಿನಿಂದ ಬರೆಯಬೇಕು. ಆಗುತ್ತಿಲ್ಲ — ಆದಷ್ಟು ಬರೆಯುತ್ತೇನೆ.

ಮೈಕಿನ ಮಂಚಿಕೆ, ಮರದ ಅಟ್ಟಣೆ, ನೀರಿನ ಅಂಚಿನಲ್ಲಿ. ವಿಟೋರಿನ್ ಮಾಮ ಚೆನ್ನಾಗಿಯೇ ಹೇಳುತ್ತಿದ್ದರು. ನಡುನಡುವೆ ನಾನು ಇಂಗ್ಲಿಷಿನಲ್ಲಿ. ಕೊನೆಯದು ನಾಲ್ಕು ಹುಟ್ಟಿನ ಸ್ಪರ್ಧೆ. ದೋಣಿಗಳು ಹೊರಟವು. ಅರ್ಧ ದಾರಿಗೆ ಮಾಮನ ಗಂಟಲು ಕೈಕೊಟ್ಟಿತು. ಬರೀ ಗಾಳಿ. ಸೂರ್ಯ ನೇರ ಎದುರಿಗೆ, ಕಣ್ಣಲ್ಲಿ ನೀರು. ಮೈಕನ್ನು ನನ್ನ ಎದೆಗೆ ಒತ್ತಿದರು.

"ನಂಗೆ ಹೇಳಿಲ್ಲ ಮಾಮ, ಕ್ಲಬ್ಬಿನೋರು—"

"ಬಾಯಿ ಬಿಡೇ!"

ಬಿಟ್ಟೆ.

ತೋರಿ ಮುಂದೆ. ನಾವು ಹಿಂದೆ, ಒಂದು ದೋಣಿಯಷ್ಟು. ಬೆಣಚುಕಲ್ಲು ಚೆನ್ನಾಗಿ ಹುಟ್ಟು ಹಾಕುತ್ತಿದ್ದಾನೆ. ಸೈಕಲ್ ಲಯ ತಪ್ಪಿದ, ಹಿಡಿದ, ಹಿಡಿದ! ಒಲೆಯವನು ಬಗ್ಗಿದ, ಒಲೆಯವನು ಎದ್ದ… ಹೀಗೆ ಕೂಗುತ್ತಾ ಹೋದೆ. ದೂರದಲ್ಲಿ ಇಗರ್ಜಿಯ ಗೋಡೆಗೆ ಮುಖ ಮಾಡಿ ನಿಂತ ದೋರಿಸ್‌ಳ ಬೆನ್ನು ಕಾಣುತ್ತಿತ್ತು. ನೀಲಿ ಏಪ್ರನ್ನಿನ ಗಂಟು. ಆ ಬೆನ್ನಿಗೇ ಹೇಳುತ್ತಿದ್ದೆ. ನಿನ್ನ ಮಗ ಇದ್ದಾನೆ, ದೋಣಿಯಲ್ಲೇ ಇದ್ದಾನೆ, ಹಾಕುತ್ತಿದ್ದಾನೆ.

ಆಗ ಡ್ವೇನ್ ಏನೋ ಮಾಡಿದ. ಏನೆಂದು ಈಗಲೂ ತಿಳಿಯದು. ಇಡೀ ದೋಣಿ ಮೂಗೆತ್ತಿತು. ತೋರಿಯವರ ಹಿಂಬದಿ ಹತ್ತಿರ, ಹತ್ತಿರ, ಪಕ್ಕ. ನನ್ನ ತಲೆಯೊಳಗೆ ಏನೂ ಉಳಿಯಲಿಲ್ಲ. ಇಂಗ್ಲಿಷ್ ಇಲ್ಲ, ನಿಘಂಟಿಲ್ಲ, ಕನ್ಯಾಸ್ತ್ರೀ ಇಲ್ಲ.

"ಹಾಕೋ! ಹಾಕೋ ನೆನೆದ ರೊಟ್ಟೀ! ನೆನೆದ ರೊಟ್ಟಿ ಬಂದ! ಹಾಕೋ ನನ್ನಪ್ಪಾ!"

ಎದುರು ದಂಡೆಗೆ ಹೋಯಿತು, ಬಡಿಯಿತು, ವಾಪಸು ಬಂತು. ನೆನೆದ ರೊಟ್ಟೀ… ರೊಟ್ಟೀ…

ನಮ್ಮ ದಂಡೆ ಉಸಿರು ಹಿಡಿಯಿತು. ವಿಟೋರಿನ್ ಮಾಮ ಟೋಪಿಯಿಂದ ಮುಖ ಮುಚ್ಚಿಕೊಂಡರು.

ಆಗ ದೋರಿಸ್ ತಿರುಗಿದಳು.

ನನ್ನನ್ನು ಕೊಲ್ಲಲು ತಿರುಗಿದ್ದು. ಮಂಚಿಕೆ ನೀರಿನ ಅಂಚಿನಲ್ಲಿ, ನನ್ನ ಹಿಂದೆಯೇ ಸಮುದ್ರ. ಕೈಯೆತ್ತಿ, ಬಾಯಿ ತೆರೆದು, ನನ್ನ ಕಡೆ ಎರಡು ಹೆಜ್ಜೆ. ಅಲ್ಲೇ ನಿಂತಳು. ಅವಳ ಕಣ್ಣು ನನ್ನನ್ನು ದಾಟಿ ಹೋಯಿತು. ಕೊನೆಯ ಹುಟ್ಟುಗಳನ್ನು ನೋಡಿದಳು. ಮಗ ಹುಟ್ಟು ಹಾಕುವುದನ್ನು ಅವಳು ನೋಡಿದ್ದು ಇದೇ ಮೊದಲು. ಎತ್ತಿದ ಕೈ ಹಾಗೆಯೇ ಗಾಳಿಯಲ್ಲಿತ್ತು.

ಗೆದ್ದೆವು. ಗೆದ್ದೆವಂತೆ. ಯಾರು ಗೆದ್ದರೆಂದು ಮೈಕಿನಲ್ಲಿ ಹೇಳಲೇ ಇಲ್ಲ ನಾನು. ದೋರಿಸ್‌ಳನ್ನೇ ನೋಡುತ್ತಿದ್ದೆ. ತೋರಿಯವರು ಇದನ್ನು ವರ್ಷವಿಡೀ ಆಡಿಕೊಳ್ಳುತ್ತಾರೆ.

ಆಮೇಲೆ ಅವಳು ಮೆಟ್ಟಿಲೇರಿ ಬಂದಳು. ಜನ ದಾರಿ ಬಿಟ್ಟರು.

"ಲೇ ಇಸ್ತ್ರಿ ಪೆಟ್ಟಿಗೆ! ಯಾರನ್ನೇ ನೆನೆದ ರೊಟ್ಟಿ ಅಂದಿದ್ದು? ನನ್ನ ಅಜ್ಜನ ಸುದ್ದಿ ನಿಂಗ್ಯಾಕೇ? ನಿಮ್ಮ ಸ್ಲೀಮಾದೋರು ಯುದ್ಧದಲ್ಲಿ ಏನು ತಿಂತಿದ್ರು, ಹೇಳ್ಲಾ? ಹೇಳ್ಲಾ ಎಲ್ಲರ ಮುಂದೆ? ನಿನ್ನ ನಾಲಿಗೆಗೆ ಹುಳ ಬೀಳ, ನಿನ್ನ ಮೈಕಿಗೆ ಸಿಡಿಲು ಬಡಿಯ…"

ನಿಲ್ಲಲಿಲ್ಲ. ನನ್ನ ಶಾಲೆ, ನನ್ನ ಚಪ್ಪಲಿ, ನಾನು ಪಸ್ತಿಟ್ಸಿಯನ್ನು ಚಮಚದಲ್ಲಿ ತಿನ್ನುತ್ತೇನೆಂಬ ಸುಳ್ಳು, ಒಂದೂ ಬಿಡಲಿಲ್ಲ. ನನಗೆ ಕಣ್ಣೀರು ಬರುತ್ತಿತ್ತು, ನಗುವೂ. ಒಂದೇ ಒಂದು ಇಂಗ್ಲಿಷ್ ಪದವಿಲ್ಲ! ಆರಂಭದಿಂದ ಕೊನೆಯವರೆಗೆ ಒಂದೂ ಇಲ್ಲ.

ಲೋನ್ಸು ಕೆಳಗಿನಿಂದ ಸನ್ನೆ ಮಾಡುತ್ತಿದ್ದ. ಜಗಳ ಆಡು, ಆಡು.

"ಚಮಚದಲ್ಲಿ ತಿಂತೀನಾ? ಯಾವಾಗ ನೋಡ್ದೆ ನೀನು? ಏಪ್ರಿಲ್‌ನಿಂದ ಒಂದಾದ್ರೂ ಕೊಟ್ಟಿದ್ದೀಯಾ ತಿನ್ನಕ್ಕೆ? ತಟ್ಟೆ ತುಂಬ ಇಟ್ಕೊಂಡು ಇಲ್ಲ ಅಂತೀಯಲ್ಲ, ನಿನ್ನಜ್ಜನ ಮೊಮ್ಮಗಳೇ ಬಿಡು!"

ಹೇಳಿದ ಮೇಲೆ ಗೊತ್ತಾಯಿತು ಏನು ಹೇಳಿದೆನೆಂದು.

ದೋರಿಸ್ ಬಾಯಿ ತೆರೆದವಳು ಮುಚ್ಚಲಿಲ್ಲ. ಅವಳ ಭುಜ ಅಲುಗಿತು. ಅಳು ಎಂದುಕೊಂಡೆ. ನಗು. ರೇಲಿಂಗ್ ಹಿಡಿದುಕೊಂಡು ನಕ್ಕಳು, ಏಪ್ರನ್ನಿನಿಂದ ಕಣ್ಣೊರೆಸಿಕೊಂಡಳು, ಮತ್ತೆ ಬೈದಳು.

"ಹಾಳಾದವಳೇ," ಎಂದಳು ಕೊನೆಗೆ, ದನಿ ಇಳಿಸಿ. "ಅವನು ಹಾಗೆ ಎದ್ದು ನಿಂತು ಹಾಕ್ತಾನೆ ಅಂತ ನಂಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ."

ಸೆಪ್ಟೆಂಬರ್ 9, ಬೆಳಿಗ್ಗೆ

ಗಂಟಲು ಪೂರ್ತಿ ಹೋಗಿದೆ. ಮಮ್ಮಿ ಸ್ಲೀಮಾದಿಂದ ಫೋನ್ ಮಾಡಿದರು. "ಡಾರ್ಲಿಂಗ್, ಯಾರೋ ಹೇಳಿದ್ರು ನೀನು ಮೈಕಲ್ಲಿ ಬೀದಿ ಹೆಂಗಸಿನ ಥರ…" ಉತ್ತರ ಕೊಡಲು ದನಿ ಇರಲಿಲ್ಲ. ಅದೃಷ್ಟ.

ಪ್ಲಾಸ್ಟಿಕ್ ಮುಚ್ಚಳದ ನಿಯಮಗಳು ಮೇಜಿನ ಮೇಲೆ. ಕೂತಿದ್ದೇನೆ, ಕೆಲಸ ಸಾಗುತ್ತಿಲ್ಲ. ಆ ಪರಿಚಯಪತ್ರದ ಸಾಲನ್ನು ಈಗ ಏನೆಂದು ತಿದ್ದುವುದು? 'ಬೈಸಿಕೊಳ್ಳುವಷ್ಟು ಬರುತ್ತದೆ'?

ಇನ್ನೊಂದು ವಿಷಯ. ತಿಂಡಿಯ ಹೊತ್ತಿಗೆ ಅಡುಗೆಮನೆಗೆ ಹೋದರೆ ಲೋನ್ಸು, ಅತ್ತೆ ಇಬ್ಬರೂ ಮಾತು ನಿಲ್ಲಿಸಿದರು. ಲೋನ್ಸು ಬ್ರೆಡ್ಡಿಗೆ ಟೊಮೆಟೊ ಉಜ್ಜುತ್ತಾ ಇದ್ದ, ಕಿವಿ ಕೆಂಪಾಗಿತ್ತು. ದೋಣಿಮನೆಯ ಕಟ್ಟೆಗೆ ಹೋದಾಗಲೂ ಹಾಗೇ. ಹುಡುಗರು ಏನೋ ಹೇಳಿಕೊಂಡು ನಗುತ್ತಿದ್ದವರು ನನ್ನನ್ನು ಕಂಡು ಗಪ್ಪಾದರು.

ನನಗೂ ಒಂದು ಇಟ್ಟಿದ್ದಾರೆ! ಖಂಡಿತ. ಬೆನ್ನ ಹಿಂದಿನದು. ಅದಕ್ಕೇ ಯಾರೂ ಹೇಳುತ್ತಿಲ್ಲ. ಏನಿರಬಹುದು? ಇಸ್ತ್ರಿ ಪೆಟ್ಟಿಗೆಯೇ? ಅಲ್ಲ, ಅದನ್ನು ಮುಖದ ಮೇಲೇ ಹೇಳಿಯಾಗಿದೆ. ಚಮಚ? ಇನ್ನೂ ಕೆಟ್ಟದ್ದಿರಬಹುದು. ಇರಲಿ, ಎಷ್ಟು ಕೆಟ್ಟದ್ದಾದರೂ ಇರಲಿ. ಅತ್ತೆಯನ್ನು ಕೇಳಿದೆ. "ಅಂಥಾದ್ದೇನೂ ಇಲ್ಲಪ್ಪ," ಎಂದು ಬಟಾಣಿಯೊಳಗೆ ಮುಖ ಹಾಕಿದರು.

ಕೆಳಗೆ ಬೀದಿಯಲ್ಲಿ ದೋರಿಸ್‌ಳ ದನಿ. ಪಸ್ತಿಟ್ಸಿ ಆರಿಹೋಗುತ್ತೆ ಎಂದು ಯಾರನ್ನೋ ಕರೆಯುತ್ತಿದ್ದಾಳೆ. ಕ್ಲೋಡೀನ್ ಎಂದಲ್ಲ. ಮೇಡಂ ಎಂದೂ ಅಲ್ಲ. ಬೀದಿಯೆಲ್ಲ ನಗುತ್ತಿದೆ. ಕಿಟಕಿ ತೆಗೆದು ನೋಡಿದರೆ ಅವಳು ನೋಡುತ್ತಿರುವುದು ನಮ್ಮ ಮಹಡಿಯ ಕಡೆಗೇ, ಮತ್ತೆ ಕೂಗುತ್ತಿದ್ದಾಳೆ, ಈಗ ಸ್ಪಷ್ಟವಾಗಿ —